ಎರಡು ಸಲ ಪಟ್ಟಿ ಕಟ್ಟುವ ನೀಲಗಂಗಮ್ಮನವರು

ಹಳ್ಳಿಯ ಆರೋಗ್ಯಸೇವೆಯಲ್ಲಿ ದುಡಿದವರ ಸ್ವಂತ ಹೆಸರು ಉಳಿಯುವುದು ಅಪರೂಪ. ಉಳಿಯುವುದು ನರ್ಸಮ್ಮ ಎಂಬುದೊಂದೇ. ಆ ಹೆಸರಿನಲ್ಲೇ ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ತಾಲ್ಲೂಕುಗಳ ಹಳ್ಳಿಗಳನ್ನು ಮೂವತ್ತೊಂದು ವರ್ಷ ಸುತ್ತಿ, ಈ ತಿಂಗಳು ನಿವೃತ್ತರಾಗುತ್ತಿರುವ ಶ್ರೀಮತಿ ನೀಲಗಂಗಮ್ಮನವರು ಕಿರಿಯರೆಷ್ಟೋ ಮಂದಿಗೆ ರಕ್ತದೊತ್ತಡ ಅಳೆಯುವುದನ್ನು ಕಲಿಸಿದವರು. ಅವರೇ ಅದನ್ನು ಕಲಿತ ಬಗೆ ಸನ್ಮಾನದ ಮಾತಿಗೆ ಒಗ್ಗುವಂಥದ್ದಲ್ಲ. ಆದರೂ ಅದನ್ನೇ ಬರೆಯಬೇಕೆಂಬುದು ಅವರ ಅಪ್ಪಣೆ.

ಚನ್ನರಾಯಪಟ್ಟಣದ ಕಡೆ ಕೆಲಸಕ್ಕೆ ಸೇರಿದಾಗ ಇದ್ದದ್ದು ಪಾದರಸದ ಪೆಟ್ಟಿಗೆ ಮತ್ತು ಸ್ಟೆತಾಸ್ಕೋಪು. ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಮೆಲ್ಲಗೆ ಬಿಡುತ್ತ, ನಾಡಿಯ ಸದ್ದು ಹುಟ್ಟುವಲ್ಲಿ ಒಂದು ಅಂಕಿ, ಅಡಗುವಲ್ಲಿ ಇನ್ನೊಂದು. ಬಾಣಂತಿಯ ಕೂಸು ಅಳುತ್ತಿದ್ದರೆ ತಾವೇ ತೊಟ್ಟಿಲು ತೂಗಿ, ಅದು ಮಲಗಿದ ಮೇಲೆ ಅಳೆಯುತ್ತಿದ್ದರು. ಹೊಳೆನರಸೀಪುರದಲ್ಲಿದ್ದಾಗ, ತೆಂಗಿನಕಾಯಿ ಸುಲಿಯುವವರ ದಪ್ಪ ತೋಳಿಗೆ ದೊಡ್ಡ ಪಟ್ಟಿ ಬೇಕೆಂದು ಹಾಸನಕ್ಕೆ ನಾಲ್ಕು ಸಲ ಬಸ್ಸು ಹತ್ತಿ, ತಂದೇ ತಂದರು.

ಕೊಣನೂರಿನಾಚೆಯ ಉಪಕೇಂದ್ರಕ್ಕೆ ಅವರು ಬಂದ ಎರಡನೆಯ ವರ್ಷ, ಗುಂಡಿ ಒತ್ತಿದರೆ ಅಂಕಿ ತೋರಿಸುವ ಯಂತ್ರ ಬಂತು. ಒಂದು ಸಂತೆಯ ದಿನ ಎಂಟು ತಿಂಗಳ ಬಸುರಿ ಅನುಶ್ರೀ, ಅತ್ತೆ ಕಾಮಾಕ್ಷಮ್ಮನ ಜೊತೆ ಬಂದಳು. ಕಾಲು ಊದಿತ್ತು, ತಲೆನೋವೆಂದಳು. ಯಂತ್ರ ನೂರಿಪ್ಪತ್ತೆಂಟು–ಎಂಬತ್ನಾಲ್ಕು ತೋರಿಸಿತು. ಹಳೆಯ ಸಾಧನವಿದ್ದ ಬೀರುವಿನತ್ತ ನೀಲಗಂಗಮ್ಮನವರ ಕೈ ಹೋಯಿತು. ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದರು. ಕೈ ಹಿಂದಕ್ಕೆ ಬಂತು. “ಚೆಂದಾಗವ್ಳೆ, ಕರ್ಕೊಂಡೋಗಿ,” ಎಂದರು. ಮರುದಿನ ಬೆಳಿಗ್ಗೆ ಫಿಟ್ಸ್ ಬಂದು, ಹಾಸನದ ದಾರಿಯಲ್ಲೇ ತಾಯಿ, ಹೊಟ್ಟೆಯ ಕೂಸು ಇಬ್ಬರೂ ಹೋದರು.

ರಕ್ತದೊತ್ತಡ ಏರಿಸಿ ಮೈ ಊದಿಸುವ ಬಸುರಿಯ ನಂಜಿನಲ್ಲಿ ಇಂಥ ಕೆಲವು ಯಂತ್ರಗಳು ಒತ್ತಡವನ್ನು ಇರುವುದಕ್ಕಿಂತ ಕಡಿಮೆ ತೋರಿಸುವುದುಂಟೆಂದು ಆ ಸಾವಿನ ವಿಚಾರಣೆಯ ಸಭೆಯಲ್ಲಿ ವೈದ್ಯರು ವಿವರಿಸಿದರು. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ತಪ್ಪೆಲ್ಲ ಯಂತ್ರದ ತಲೆಗೆ ಹೋಗುತ್ತಿತ್ತು. ನೀಲಗಂಗಮ್ಮನವರು ಎದ್ದು, “ಬೀರು ತೆಗೀಬೇಕಾಗಿತ್ತು ಸಾ. ನಾನು ತೆಗೀಲಿಲ್ಲ,” ಎಂದು ಹೇಳಿ ಕೂತರು.

ಅಂದಿನಿಂದ ಪ್ರತಿ ತೋಳಿಗೂ ಎರಡು ಸಲ ಪಟ್ಟಿ: ಒಮ್ಮೆ ಯಂತ್ರದ್ದು, ಒಮ್ಮೆ ಕೈಯದು, ನೋಟುಬುಕ್ಕಿನಲ್ಲಿ ಎರಡು ಸಾಲು. ಒಂದಗುಳು ಹಿಸುಕಿ ಅನ್ನ ಬೆಂದಿತೆನ್ನುವುದು ಒಲೆಯ ಮುಂದೆ ಸರಿ, ತೋಳಿಗೆ ಸಲ್ಲದು ಎನ್ನುತ್ತಿದ್ದರು. ಕಾಮಾಕ್ಷಮ್ಮನವರೊಬ್ಬರೇ ಯಂತ್ರವನ್ನು ಹತ್ತಿರಕ್ಕೂ ಸೇರಿಸಲಿಲ್ಲ. “ಆ ಮಿಸನ್ನ ಅತ್ತಾಗಿಡು ನರ್ಸಮ್ಮ. ನನ್ ಸೊಸೇನ ತಿಂದಿದ್ದು ಅದೇಯ.” ಅವರ ಹಾಳೆಯಲ್ಲಿ ಕೈಯ ಸಾಲೊಂದೇ ತುಂಬುತ್ತ ಹೋಯಿತು.

ಕಳೆದ ವರ್ಷ ಉಳಿದವರ ಹಾಳೆಗಳಲ್ಲಿ ಎರಡು ಸಾಲಿನ ಅಂಕಿಗಳೂ ಒಂದರಿಂದೊಂದು ದೂರ ಸರಿಯತೊಡಗಿದವು. “ಮಿಸನ್ನು ಕೆಟ್ಟೋಗ್ಯದೆ ಅಕ್ಕ, ವಾಪಸ್ ಕಳಿಸಾನ,” ಎಂದಳು ಜೊತೆಯ ಕಿರಿಯ ನರ್ಸ್ ರೂಪಶ್ರೀ. ನೀಲಗಂಗಮ್ಮನವರು ಸ್ಟೆತಾಸ್ಕೋಪನ್ನು ಅವಳ ಕಿವಿಗಿತ್ತರು. ಅವಳಿಗೆ ಕೇಳಿಸಿದ್ದೂ ಯಂತ್ರ ಹೇಳಿದ್ದೂ ಹೆಚ್ಚುಕಡಿಮೆ ಒಂದೇ ಆಗಿತ್ತು.

“ಕೆಟ್ಟಿರಾದು ಅದಲ್ಲ ಕಣೆ. ನನ್ ಕಿವಿ.”

ಮೊದಲು ಹುಟ್ಟುವ ಸಣ್ಣ ಸದ್ದು ಅವರಿಗೆ ಕೇಳದಾಗಿತ್ತು. ಹಾಗಾಗಿ ಮೇಲಿನ ಅಂಕಿ ಕಡಿಮೆ ಬರುತ್ತಿತ್ತು. ತಪ್ಪು ಹಿಡಿಯಲು ಎಲ್ಲರಿಗೂ ಎರಡನೆಯ ಸಾಲಿತ್ತು, ಕಾಮಾಕ್ಷಮ್ಮನವರಿಗಿರಲಿಲ್ಲ. ಅವರ ಹಾಳೆಯಲ್ಲಿ ತಿಂಗಳು ತಿಂಗಳೂ ನೂರಮೂವತ್ತೆಂಟು, ನೂರಮೂವತ್ತಾರು. ಅಂದೇ ಮಧ್ಯಾಹ್ನ ಇಬ್ಬರೂ ಆ ಮನೆಗೆ ಹೋದರು. ಹುರುಳಿ ಆರಿಸುತ್ತಿದ್ದ ಕಾಮಾಕ್ಷಮ್ಮನವರು ಎಲ್ಲವನ್ನೂ ಕೇಳಿ ಮೊರ ಕೆಳಗಿಟ್ಟರು.

“ಆವತ್ತು ಮಿಸನ್ನು, ಇವತ್ತು ನೀನು. ಇನ್ಯಾರ್ನ ನಂಬ್ಲಿ ಏಳು?”

“ಒಬ್ರನ್ನೇ ನಂಬಬ್ಯಾಡಿ. ನನ್ನಂತೂ ಬ್ಯಾಡವೇ ಬ್ಯಾಡ. ತೋಳು ಕೊಡಿ, ಇವ್ಳು ನೋಡ್ಲಿ, ಮಿಸನ್ನೂ ನೋಡ್ಲಿ.”

“ಚೆಂದಾಗವ್ಳೆ ಅಂತ ಮಾತ್ರ ಅನ್ಬ್ಯಾಡ,” ಎಂದು ತೋಳು ಚಾಚಿದರು. ರೂಪಶ್ರೀಯ ಕಿವಿಗೆ ನೂರೆಪ್ಪತ್ತಾರು, ಯಂತ್ರಕ್ಕೆ ನೂರೆಪ್ಪತ್ತೆಂಟು. ಆ ಸಂಜೆಯೇ ಅರಕಲಗೂಡಿನ ವೈದ್ಯರಲ್ಲಿಗೆ ಕರೆದೊಯ್ದರು. ಕಾಮಾಕ್ಷಮ್ಮನವರು ಈಗ ಮಾತ್ರೆ ನುಂಗುತ್ತಾರೆ. ಕ್ಷಮಿಸಿಲ್ಲ, ಸನ್ಮಾನಕ್ಕೂ ಬರುವುದಿಲ್ಲವೆಂದು ಹೇಳಿಕಳಿಸಿದ್ದಾರೆ.

ಕಿವಿಗೊಂದು ಯಂತ್ರ ಇಟ್ಟುಕೊಂಡು ನೀಲಗಂಗಮ್ಮನವರು ಇನ್ನು ಮುಂದೆ ಹಾಸನದಲ್ಲಿ ಹೊಸ ನರ್ಸುಗಳಿಗೆ ಪಾಠ ಹೇಳಲಿದ್ದಾರೆ. ಆ ನೋಟುಬುಕ್ಕಿನ ಮೊದಲ ಹಾಳೆಯಲ್ಲಿ ಅನುಶ್ರೀಯ ಹೆಸರಿದೆ; ಮುಂದೆ ಯಂತ್ರದ ಅಂಕಿ, ಅದರ ಪಕ್ಕ ಖಾಲಿ. ಆ ಖಾಲಿ ಜಾಗದ ಮೇಲೆ ಬೆರಳಿಟ್ಟೇ ಅವರು ಪಾಠ ಶುರುಮಾಡುವುದು. ಆ ಬೆರಳಿಗೆ ನೂರು ವರ್ಷ ಕಸುವಿರಲಿ.