ಪಿಂಗಾಣಿಯ ಜೋಡಿ ಮತ್ತು ಹುಣಸೆಹಣ್ಣು

ದೀಪಾವಳಿ ಹತ್ತಿರ ಬಂತೆಂದರೆ ಗಡಹಿಂಗ್ಲಜದ ನಮ್ಮ ಹಿತ್ತಿಲಿನಿಂದ ಹುಣಸೆಹಣ್ಣಿನ ಹುಳಿ ವಾಸನೆ ಒಳಗೆ ಬರುತ್ತದೆ. ಮೊನ್ನೆಯೂ ಬಂತು. ಸೊಸೆ ಸುಜಾತಾ ಹಿತ್ತಾಳೆಯ ಸಮೆ ದೀಪಗಳನ್ನೆಲ್ಲ ತಿಕ್ಕಿ ಮುಗಿಸಿ, ಒದ್ದೆ ಕೈಯಲ್ಲೇ ಪಡಸಾಲೆಗೆ ಬಂದು ಗಾಜಿನ ಕಪಾಟಿನ ಕಡೆ ನೋಡಿದಳು.

"ಅತ್ತಿ, ಈ ಗೊಂಬಿನೂ ಒರಸಲೇನ್ರಿ?"

"ಮುಟ್ಟಬ್ಯಾಡ!" ಎಂದು ನಾನು ಎಂಥ ದನಿ ತೆಗೆದೆನೆಂದರೆ, ಕಟ್ಟೆಯ ಮೇಲಿನ ಬೆಕ್ಕು ಓಡಿಹೋಯಿತು. ಕಬನೂರಿನ ಮಗ್ಗದ ಮನೆಯ ಮಗಳು ಅವಳು. ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಒಳಗೆ ಹೋದಳು. ಬಂದು ಮೂರು ವರ್ಷವಾಯಿತು. ಆ ಕಪಾಟಿನ ಕೀಲಿ ಮಾತ್ರ ಇನ್ನೂ ನನ್ನ ಸೊಂಟದಲ್ಲೇ.

ಅಂಥದ್ದೇನಿದೆ ಅದರಲ್ಲಿ ಎನ್ನುತ್ತೀರಾ? ನಮ್ಮ ಮಾವನವರ ತಂದೆ ಬೆಲ್ಲದ ವ್ಯಾಪಾರಕ್ಕೆಂದು ಕೊಲ್ಲಾಪುರಕ್ಕೆ ಹೋದವರು, ಯಾವನೋ ಸಾಹೇಬನ ಮನೆಯ ಲಿಲಾವಿನಲ್ಲಿ ಸವಾಲು ಕೂಗಿ ಎರಡು ಮೇಣಬತ್ತಿ ಕಂಬ ಹಿಡಿದು ತಂದರಂತೆ. ಪಿಂಗಾಣಿಯ ಒಬ್ಬ ಹುಡುಗ, ಒಬ್ಬಳು ಹುಡುಗಿ. ಕಾಲಡಿ ಬಂಗಾರದ ನೀರು ಕುಡಿಸಿದ ಕಂಚಿನ ಪೀಠ, ಬೆನ್ನ ಹಿಂದೆ ಕಂಚಿನದೇ ಬಳ್ಳಿ, ಬಳ್ಳಿಯ ತುದಿಯ ಹೂವಿನಲ್ಲಿ ಮೇಣಬತ್ತಿ. ನಮ್ಮ ಅತ್ತೆಯಂತೂ ಇಬ್ಬರ ಹಣೆಗೂ ವಿಭೂತಿ ಹಚ್ಚಿ, ಅವರನ್ನು ನಮ್ಮವರನ್ನಾಗಿ ಮಾಡಿಬಿಟ್ಟಿದ್ದರು.

ನಾನು ಮದುವೆಯಾಗಿ ಬಂದ ಮೊದಲ ದೀಪಾವಳಿಯ ಸಂಜೆ ಅತ್ತೆ ಆ ಬತ್ತಿಗಳನ್ನು ಹಚ್ಚಿದರು. ಬೆಳಕು ಹುಡುಗಿಯ ಚಾಚಿದ ಕೈಯನ್ನು ತೂರಿ ಬಂತು; ಬೆರಳುಗಳೊಳಗೆ ಈಗಷ್ಟೇ ರಕ್ತ ಹರಿದಂತೆ ಕೆಂಪಾಯಿತು. ಸುಳಕೂಡ ಹಳ್ಳಿಯ ನನ್ನ ತವರಿನಲ್ಲಿ ಮಣ್ಣೆಂದರೆ ಹೊಲ, ಒಲೆ, ಗಡಿಗೆ. ಅದೇ ಮಣ್ಣಿನಿಂದ ಮನುಷ್ಯರ ಕೈ ಹೀಗೂ ಮಾಡಬಲ್ಲದೇ ಎಂದು ಬಾಯಿ ತೆರೆದು ನಿಂತುಬಿಟ್ಟೆ. ನೈವೇದ್ಯದ ಹೋಳಿಗೆ ಹಂಚಿನ ಮೇಲೆ ಹೊತ್ತಿಹೋದದ್ದೂ ತಿಳಿಯಲಿಲ್ಲ.

ಮರುವರ್ಷ ಅತ್ತೆ ಕಪಾಟಿನ ಕೀಲಿಯನ್ನು ಮನೆಯಲ್ಲೇ ಮರೆತು ಇಚಲಕರಂಜಿಗೆ, ಮಗಳ ಮನೆಗೆ ಹೋಗಿದ್ದರು. ಅವರು ಬರುವುದರೊಳಗೆ ಮೆಚ್ಚಿಸಬೇಕೆಂಬ ಹುರುಪು ನನಗೆ. ತವರಿನಿಂದ ತಂದ ವಿದ್ಯೆ ಒಂದೇ: ಮಂಕಾದದ್ದು ಕಂಡರೆ ಹುಣಸೆಹಣ್ಣು, ಇಟ್ಟಂಗಿ ಪುಡಿ. ಹುಡುಗಿಯ ಪೀಠವನ್ನು ಹಿಡಿದು ತಿಕ್ಕಿದೆ ನೋಡಿ! ಬಂಗಾರವೆಲ್ಲ ನೀರಿನೊಂದಿಗೆ ಹರಿದು, ಕಂದು ಕಂಚು ಹಲ್ಲು ಕಿರಿಯಿತು. ತವರಿಗೆ ಅಟ್ಟುವುದು ಖಂಡಿತವೆಂದು ನಾನೇ ಚೀಲ ತುಂಬಿಟ್ಟು ಕಾದೆ.

ಅತ್ತೆ ಬಂದವರೇ ಗೊಂಬೆಯನ್ನು ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು.

"ಅಗ ಬಾಯೀ! ಇಷ್ಟ ಜೋರಲೆ ತಿಕ್ಕೀದಿ, ಒಂದ ಬೆರಳರ ಮುರದೈತೇನ?"

"ಇಲ್ರಿ."

"ನಾ ಬರೇ ಅರಬಿಲೆ ಒರಸಾಕ ಹೋಗಿ ಆ ಹುಡುಗನ ಕಿರುಬೆರಳ ಮುರದಿದ್ನಿ. ಅಂಟ ಹಚ್ಚಿ ಕೂಡಿಸೇನಿ. ಇವತ್ತಿನ ತನಕಾ ಯಾರಿಗೂ ಹೇಳಿಲ್ಲ. ಮುಟ್ಟಿದ್ರ ಉದರತೈತಿ ಅಂತನ ಯಾರಿಗೂ ಮುಟ್ಟಗೊಡೂದಿಲ್ಲ." ಆಮೇಲೆ ನನ್ನ ಚೀಲ ಕಂಡು ನಕ್ಕರು. "ಅದನ್ಯಾಕ ತುಂಬೀದಿ? ಚಲ್, ಚಹಾ ಇಡ."

ಅತ್ತೆ ಈಗಿಲ್ಲ. ಅವರು ತಮ್ಮ ತಪ್ಪನ್ನು ಕಾಯಲು ಕಪಾಟಿಗೆ ಕೀಲಿ ಹಾಕಿದ್ದರು. ನಾನು ಯಾವ ದೊಡ್ಡಸ್ತಿಕೆ ಕಾಯುತ್ತಿದ್ದೇನೆ?

ಮೊನ್ನೆ ಇದೆಲ್ಲ ನೆನಪಾಗಿ, ಅಡಿಗೆಮನೆಗೆ ಹೋಗಿ ಸುಜಾತಾಳ ಅಂಗೈಯಲ್ಲಿ ಕೀಲಿ ಇಟ್ಟೆ.

"ಒಣ ಅರಬಿಲೆ ಅಷ್ಟ ಒರಸವ್ವಾ."

"ಬಿದ್ದ ಗಿದ್ದ ಒಡದ್ರ ಏನ್ ಮಾಡ್ಲಿರಿ?"

"ನನ್ನ ಮುಂದ ಹೇಳ. ಮುಚ್ಚಿಡಬ್ಯಾಡ."

ಅವಳು ಪಡಸಾಲೆಗೆ ಬಂದು ಕಪಾಟು ತೆರೆದು ಹುಡುಗಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ನಾನು ಕಾವಲು ನಿಲ್ಲಲಿಲ್ಲ. ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತೆ.