ಇನ್ನೊಬ್ಬರ ಬಾಯಿಗೆ ಹೋದ ದನಿ

ಜಮಖಂಡಿಯಲ್ಲಿ ಸುಪ್ರೀತಾಳ ಮುಖ ಗೊತ್ತಿರುವವರು ಕಡಿಮೆ, ದನಿ ಗೊತ್ತಿಲ್ಲದವರು ಇನ್ನೂ ಕಡಿಮೆ. ನಾಳೆ ನಳದ ನೀರು ಬರುವುದಿಲ್ಲ ಎಂದು ನಗರಸಭೆ ಸಾರಿಸುವುದು ಅವಳ ದನಿಯಲ್ಲಿ. ಸೀರೆ ಅಂಗಡಿಯ ರಿಯಾಯಿತಿ, ಕಣ್ಣು ತಪಾಸಣೆಯ ಶಿಬಿರ, ಸಮೀರವಾಡಿ ರಸ್ತೆಯ ಹೊಸ ಟ್ರ್ಯಾಕ್ಟರ್ ಶೋರೂಮು, ಯಾವುದೇ ಇರಲಿ, ಆಟೋದ ಮೇಲಿನ ಸ್ಪೀಕರಿನಿಂದ ಬರುವುದು ಆ ತುಸು ದಪ್ಪನೆಯ, ಅವಸರವಿಲ್ಲದ ದನಿಯೇ. ಗಂಡ ಶ್ರೇಯಸ ಮನೆಯ ಹಿಂದಿನ ಕೋಣೆಯ ಗೋಡೆಗಳಿಗೆ ಹಳೆಯ ಗಾದಿಗಳನ್ನು ಬಡಿದು ಅವಳಿಗೊಂದು ರೆಕಾರ್ಡಿಂಗ್ ಕೋಣೆ ಮಾಡಿಕೊಟ್ಟಿದ್ದ. ಅಡುಗೆ ಕೆಲಸ ಮುಗಿಸಿ ಅದರೊಳಗೆ ಕೂತರೆ ಮುಧೋಳ, ಬೀಳಗಿಯ ಜಾಹೀರಾತುಗಳೂ ಅಲ್ಲಿಂದಲೇ ಹೋಗುತ್ತಿದ್ದವು.

ಅವಳು ಹುಟ್ಟಿದ್ದು ತೇರದಾಳದಲ್ಲಿ. ತಂದೆ ಅನಂತಪ್ಪನದು ಕಿರಾಣಿ ಅಂಗಡಿ. ಜೈನರ ಮನೆ, ಹೊತ್ತು ಮುಳುಗುವುದರೊಳಗೆ ಊಟ ಮುಗಿಯುತ್ತಿತ್ತು. ಆಮೇಲೆ ಅನಂತಪ್ಪ ಟೇಪ್ ರೆಕಾರ್ಡರಿಗೆ ‘ಬುತ್ತಿ ಗಂಟು’ ಸಿನಿಮಾದ ಸಂಭಾಷಣೆಯ ಕ್ಯಾಸೆಟ್ ಹಾಕುತ್ತಿದ್ದ. ಸುಪ್ರೀತಾ ಹುಟ್ಟುವ ಮೊದಲೇ ಬಂದುಹೋಗಿದ್ದ ಸಿನಿಮಾ ಅದು. ಅವಳು ಅದನ್ನು ನೋಡುವ ಮುಂಚೆ ಎಷ್ಟೋ ವರ್ಷ ಕೇಳಿದ್ದಳು. ಹೊಳೆ ದಾಟಿ ಹೊಲಕ್ಕೆ ಹೋದ ಮಗ ಮಹಾಪೂರದಲ್ಲಿ ತಿರುಗಿ ಬರುವುದಿಲ್ಲ. ತಾಯಿ ಬುತ್ತಿ ಕಟ್ಟಿಕೊಂಡು ದಂಡೆಗೆ ಬಂದು ಕೂಡುತ್ತಾಳೆ, ಗಂಟು ಬಿಚ್ಚುತ್ತಾಳೆ, ಆಚೆ ದಂಡೆಯ ಕಡೆಗೆ ಕರೆಯುತ್ತಾಳೆ: “ಬಾರೋ ನನ್ನಪ್ಪಾ, ರೊಟ್ಟಿ ಆರಾಕತ್ತಾವು.” ಅಷ್ಟೇ. ಊಟಕ್ಕೆ ತಡ ಮಾಡಿದ ಹುಡುಗನನ್ನು ಕರೆಯುವ ಹಾಗೆಯೇ ಕರೆಯುತ್ತಾಳೆ. ‘ರೊಟ್ಟಿ’ ಎನ್ನುವಲ್ಲಿ ಮಾತ್ರ ದನಿ ಒಂದು ಎಳೆಯಷ್ಟು ಜಾರುತ್ತದೆ. ಹಿಂದೆ ವಾದ್ಯವಿಲ್ಲ, ಗಾಳಿಯ ಸದ್ದು ಮಾತ್ರ. ಆ ಮಾತು ಬಂದಾಗ ಅನಂತಪ್ಪ ಬೇರೆ ಕಡೆ ನೋಡುತ್ತಿದ್ದ. ಮಗಳು ಅದನ್ನೇ ಅನುಕರಿಸಿ ಅನುಕರಿಸಿ ದನಿ ಬೆಳೆಸಿಕೊಂಡಳು.

ತಾಯಿಯ ಪಾತ್ರ ಮಾಡಿದ್ದು ಕಂಪನಿ ನಾಟಕದ ನಟಿ ಅನಸವ್ವ. ಸಿನಿಮಾ ಎಂದು ಅವಳು ಮಾಡಿದ್ದು ಅದೊಂದೇ. ಮದುವೆಯಾಗಿ ಜಮಖಂಡಿಗೆ ಬಂದ ಮೇಲೆ, ಆಕೆ ರಬಕವಿಯಲ್ಲಿ ತಮ್ಮನ ಮಗಳು ವೈಶಾಲಿಯ ಮನೆಯಲ್ಲಿ ಇದ್ದಾಳೆಂದು ತಿಳಿದು ಸುಪ್ರೀತಾ ಹುಡುಕಿಕೊಂಡು ಹೋದಳು. ಮನೆಗೆ ಅಂಟಿಕೊಂಡೇ ಮಗ್ಗದ ಶೆಡ್ಡು. ಪವರ್‌ಲೂಮಿನ ಸದ್ದಿನ ಮೇಲೆ ದನಿ ಎತ್ತಿ ಅನಸವ್ವ ಕಂಪನಿಯ ಕಥೆ ಹೇಳುತ್ತಿದ್ದಳು, ಮಧ್ಯೆ ಒಂದು ರಂಗಗೀತೆ ಹಾಡುತ್ತಿದ್ದಳು. ಸುಪ್ರೀತಾ ಅವಳನ್ನು ಆಯಿ ಎಂದು ಕರೆದಳು. ತಿಂಗಳಿಗೊಮ್ಮೆಯಾದರೂ ಹೋಗುವುದು ರೂಢಿಯಾಯಿತು.

‘ಬುತ್ತಿ ಗಂಟು’ ಮತ್ತೆ ಸಿನಿಮಾ ಆಗುತ್ತದೆ ಎಂಬ ಸುದ್ದಿ ಹೋದ ವರ್ಷ ಬಂತು. ಬೆಂಗಳೂರಿನ ತರುಣ ನಿರ್ದೇಶಕನೊಬ್ಬ ಹಿಪ್ಪರಗಿಯ ಹತ್ತಿರ ಹೊಳೆದಂಡೆಯಲ್ಲಿ ಚಿತ್ರೀಕರಣ ಮಾಡಿದ. ತಾಯಿಯಾಗಿ ನಟಿಸಿದವಳಿಗೆ ಈ ಕಡೆಯ ಮಾತು ಹೊರಳುತ್ತಿರಲಿಲ್ಲ. ಕಲಿಸಲು ಸುಪ್ರೀತಾಳನ್ನು ಕರೆದರು. ಕಲಿಸುವುದನ್ನು ಕೇಳಿದ ನಿರ್ದೇಶಕ, ಡಬ್ಬಿಂಗನ್ನೂ ನೀವೇ ಮಾಡಿಬಿಡಿ ಎಂದ. ಸುಪ್ರೀತಾ ಆವತ್ತೇ ತಂದೆಗೆ ಫೋನ್ ಮಾಡಿದಳು. ಅನಂತಪ್ಪನಿಗೆ ಮಗಳ ಬಗ್ಗೆ ಸಂತೋಷವಾಯಿತು, ಸಿನಿಮಾದ ಬಗ್ಗೆ ಆಗಲಿಲ್ಲ. ಇದ್ದದ್ದು ಛಲೋ ಇರುವಾಗ ಮತ್ತೊಂದು ಯಾಕೆ ಮಾಡುತ್ತಾರೆ ಎಂದು ಕೇಳಿದ. ಹೊಸ ಹುಡುಗರು ನೋಡಲಿ ಅಂತ ಎಂದಳು ಸುಪ್ರೀತಾ. ಹಾಗಾದರೆ ಹಳೆಯದನ್ನೇ ತೋರಿಸಬಹುದಲ್ಲ ಎಂದ ಅವನು.

ಹುಬ್ಬಳ್ಳಿಯ ಸ್ಟುಡಿಯೋದಲ್ಲಿ ಡಬ್ಬಿಂಗ್ ಸರಾಗವಾಗಿ ಸಾಗಿತು. ಹೊಳೆದಂಡೆಯ ದೃಶ್ಯಕ್ಕೆ ಬಂದು ನಿಂತಿತು. ಸುಪ್ರೀತಾ ಆ ಮಾತನ್ನು ಹೇಳಿದಳು, ಮತ್ತೆ ಹೇಳಿದಳು. ಪ್ರತಿ ಸಲ ನಿರ್ದೇಶಕ ತಲೆ ಅಲ್ಲಾಡಿಸಿದ. ಕೊನೆಗೆ ಬೇಸರವಿಲ್ಲದೆಯೇ ಹೇಳಿದ: “ಮೇಡಂ, ನೀವು ಆ ತಾಯಿಯನ್ನ ನೆನೆಸಿಕೊಳ್ತಿಲ್ಲ. ಕ್ಯಾಸೆಟ್ಟನ್ನ ನೆನೆಸಿಕೊಳ್ತಿದ್ದೀರಿ.”

ಅವನು ಹೇಳಿದ್ದು ನಿಜವಿತ್ತು. ಅದಕ್ಕೇ ಚುಚ್ಚಿತು. ಎರಡು ದಿನದ ಸಮಯ ಕೇಳಿ ಅವಳು ಊರಿಗೆ ಬಂದಳು, ಮರುದಿನ ಬೆಳಿಗ್ಗೆಯೇ ರಬಕವಿಗೆ ಹೋದಳು. ಚೀಲದಲ್ಲಿ ತನ್ನ ಒಳ್ಳೆಯ ರೆಕಾರ್ಡರ್ ಇಟ್ಟುಕೊಂಡಿದ್ದಳು.

ಅನಸವ್ವ ಮೊದಲು ನಕ್ಕಳು. ಮುದುಕಿಯಾದ ಮೇಲೆ ಅದೆಲ್ಲ ಯಾಕೆ ಎಂದಳು. ಸುಪ್ರೀತಾ ಬಿಡಲಿಲ್ಲ. ಆ ಮಾತು ಹೇಗೆ ಬಂತು, ಯಾರು ಬರೆದುಕೊಟ್ಟರು, ಒಮ್ಮೆ ಹೇಳಿ ತೋರಿಸಿರಿ, ಇಲ್ಲದಿದ್ದರೆ ಕೆಲಸ ಬೇರೆಯವರಿಗೆ ಹೋಗುತ್ತದೆ ಎಂದಳು. ಆ ಕೊನೆಯ ಮಾತಿಗೆ ಮುದುಕಿ ಕರಗಿದಳು. ವೈಶಾಲಿಯನ್ನು ಅಂಗಡಿಗೆ ಕಳಿಸಿ, ಬಾಗಿಲು ಮುಚ್ಚಿಸಿ, ರೆಕಾರ್ಡರ್ ಆನ್ ಮಾಡಲು ಬಿಟ್ಟು, ಹೇಳತೊಡಗಿದಳು.

ಅನಸವ್ವನಿಗೆ ಒಬ್ಬ ಮಗ, ಶಿವಯೋಗಿ. ಊರೂರು ತಿರುಗುವ ಕಂಪನಿಯಲ್ಲಿ ಮಗುವನ್ನು ಸಾಕುವುದಾಗದೆ ಮುಧೋಳದಲ್ಲಿ ಗಂಡನ ಅಣ್ಣನ ಮನೆಯಲ್ಲಿ ಬಿಟ್ಟಿದ್ದಳು. ಒಂದು ಸಲ ಕಂಪನಿ ಮುಧೋಳದಲ್ಲೇ ಬಿಡಾರ ಹೂಡಿದಾಗ ರೊಟ್ಟಿ, ಶೇಂಗಾ ಹಿಂಡಿ, ಬದನೆಕಾಯಿ ಪಲ್ಯ ಕಟ್ಟಿಕೊಂಡು ನೋಡಲು ಹೋದಳು. ಹುಡುಗ ಆಗಲೇ ಶಾಲೆಗೆ ಹೋಗುತ್ತಿದ್ದ, ನಾಟಕದವಳ ಮಗ ಎಂದು ಅನ್ನಿಸಿಕೊಳ್ಳುತ್ತಿದ್ದ. ಕದದ ಹಿಂದೆ ನಿಂತವನು ಹೊರಗೆ ಬರಲಿಲ್ಲ. ಅನಸವ್ವ ಕಟ್ಟೆಯ ಮೇಲೆ ಕೂತು ಗಂಟು ಬಿಚ್ಚಿ ಕರೆದಳು, ಓಣಿಯ ಜನಕ್ಕೆ ಗೊತ್ತಾಗದಿರಲಿ ಎಂದು ಏನೂ ಆಗಿಲ್ಲವೆನ್ನುವ ಹಾಗೆ ಕರೆದಳು. ಆಮೇಲೆ ಸಿನಿಮಾದಲ್ಲಿ ಬರೆದುಕೊಟ್ಟಿದ್ದ ಉದ್ದನೆಯ ಗೋಳಾಟವನ್ನು ಬಿಟ್ಟು ಅದೇ ಮಾತನ್ನು ಹೇಳಿದಳು. ಮಗ ದೊಡ್ಡವನಾದ, ಅವನ ಮದುವೆಯಾಯಿತು. ಅವಳಿಗೆ ಕರೆ ಬರಲಿಲ್ಲ. ಈಗಲೂ ಮುಧೋಳದಲ್ಲೇ ಇದ್ದಾನೆ.

ಇಷ್ಟು ಹೇಳುವುದರೊಳಗೆ ಕರೆಂಟ್ ಹೋಗಿ ಪಕ್ಕದ ಮಗ್ಗಗಳು ನಿಂತವು. ಆ ನಿಶ್ಶಬ್ದದಲ್ಲಿ ಅನಸವ್ವ ಮುಚ್ಚಿದ ಬಾಗಿಲಿನ ಕಡೆ ನೋಡುತ್ತ ಕರೆದಳು: “ಬಾರೋ ಶಿವ್ಯಾ, ರೊಟ್ಟಿ ಆರಾಕತ್ತಾವು.”

ಈ ಸಲ ದನಿ ಸಣ್ಣಗೆ ಜಾರಲಿಲ್ಲ, ಪೂರ್ತಿ ಒಡೆದುಹೋಯಿತು. ಸುಪ್ರೀತಾ ಎದ್ದು ನೀರು ತಂದುಕೊಟ್ಟಳು. ನೀರು ತರಲು ಹೋಗುವಾಗಲೂ ರೆಕಾರ್ಡರ್ ಬಂದ್ ಮಾಡಲಿಲ್ಲ. ಅದನ್ನು ಅವಳು ಆಮೇಲೆ ಎಷ್ಟೋ ಸಲ ನೆನೆದಳು.

ಸೆರಗಿನಿಂದ ಮುಖ ಒರೆಸಿಕೊಂಡು ಅನಸವ್ವ ಹೇಳಿದಳು: “ನೀ ಕೇಳಿ ಕಲಕೋ ತಂಗಿ. ಕಲಿತ ಮ್ಯಾಲೆ ಅಳಸಿಬಿಡು. ಅವನ ಹೆಸರು ಐತಿ ಅದರಾಗ.”

“ಅಳಸ್ತೇನ್ರಿ ಆಯಿ,” ಎಂದಳು ಸುಪ್ರೀತಾ.

ಅವಳು ಆ ಮಾತನ್ನು ಸುಳ್ಳಾಗಿ ಆಡಿರಲಿಲ್ಲ. ಗಾದಿ ಬಡಿದ ಕೋಣೆಯಲ್ಲಿ ಕೂತು ಕೇಳಿದಳು, ಹೇಳಿದಳು, ಅತ್ತಳು. ಹುಬ್ಬಳ್ಳಿಗೆ ಹೋಗಿ ಮೈಕಿನ ಮುಂದೆ ನಿಂತಾಗ ಬಂದದ್ದು ಮತ್ತೆ ನಕಲೇ. ಬಿಡುಗಡೆಯ ದಿನ ಗೊತ್ತಾಗಿತ್ತು, ಎಲ್ಲರೂ ಕಾಯುತ್ತಿದ್ದರು. ನಾನು ಏನು ಪ್ರಯತ್ನ ಮಾಡುತ್ತಿದ್ದೇನೆಂದು ಒಮ್ಮೆ ಕೇಳಿಬಿಡಿ ಎಂದು ಅವಳು ನಿರ್ದೇಶಕನಿಗೆ ರೆಕಾರ್ಡರ್ ಕೊಟ್ಟಳು. ಅವನು ಕೇಳಿದ. ಕಣ್ಣು ಒದ್ದೆಯಾದವು. ಇದನ್ನೇ ಹಾಕೋಣ ಎಂದ. ದನಿ ಮುದುಕಿಯದು ಎಂದು ಯಾರೋ ಅಂದಾಗ, ತಂತ್ರಜ್ಞ ತುಸು ಎಳೆಯದಾಗಿ ಮಾಡಬಹುದು ಎಂದ. ಹೆಸರು ಬೇಡ, ಕತ್ತರಿಸಿ, ಇದರಲ್ಲೇ ಹಿಂದಿನ ಯಾವುದೋ ಮಾತಿನಿಂದ ‘ನನ್ನಪ್ಪಾ’ ಎತ್ತಿ ಜೋಡಿಸಿ ಎಂದ ನಿರ್ದೇಶಕ. ಅದು ಯಾರ ದನಿ ಎಂದು ಅವನು ಕೇಳಿದ್ದು ಆಮೇಲೆ. ನಮ್ಮ ಕಡೆಯ ಒಬ್ಬ ಮುದುಕಿಯದು, ಅಭ್ಯಾಸಕ್ಕೆಂದು ತೆಗೆದುಕೊಂಡದ್ದು ಎಂದಳು ಸುಪ್ರೀತಾ. ಬೇಡ ಎನ್ನಲು ಅವಳಿಗೆ ಅಲ್ಲಿ ಬೇಕಾದಷ್ಟು ಹೊತ್ತು ಇತ್ತು. ಆ ದೃಶ್ಯ ಮುಗಿದರೆ ತೆರೆಯ ಮೇಲೆ ತನ್ನ ಹೆಸರು ಬರುತ್ತದೆ ಎಂಬುದೊಂದೇ ತಲೆಯಲ್ಲಿತ್ತು. ಸುಮ್ಮನೆ ನಿಂತಳು.

ಸಿನಿಮಾ ಜಮಖಂಡಿಗೆ ಬಂತು. ಅನಸವ್ವ ತಾನೂ ನೋಡಬೇಕೆಂದಳು. ಮೊಣಕಾಲು ನೋವು, ಮೆಟ್ಟಿಲು, ಬಿಸಿಲು, ಸುಪ್ರೀತಾ ಹೇಳಿದ ನೆಪಗಳೆಲ್ಲ ಮುಗಿದವು. ಮಧ್ಯಾಹ್ನದ ಆಟಕ್ಕೆ ಕರೆದುಕೊಂಡು ಹೋದಳು. ಮಂದಿಯಲ್ಲಿ ಅರ್ಧ ಹಳೆಯ ಸಿನಿಮಾ ನೋಡಿದವರೇ ಇದ್ದರು, ಮಕ್ಕಳನ್ನು ಕರೆದುಕೊಂಡು ಬಂದಿದ್ದರು. ಹೊಳೆದಂಡೆಯ ದೃಶ್ಯ ಬರುತ್ತಲೇ ಅವರು ಸರಿಯಾಗಿ ಕೂತರು.

ಹಳೆಯದರಲ್ಲಿ ಕ್ಯಾಮೆರಾ ತಾಯಿಯ ಬೆನ್ನಿಗಿತ್ತು, ಮುಖ ಕಾಣುತ್ತಲೇ ಇರಲಿಲ್ಲ. ಇಲ್ಲಿ ಮೊದಲು ಆಕಾಶದಿಂದ ಹೊಳೆ ಕಂಡಿತು. ಪಿಟೀಲುಗಳು ಏರಿದವು. ತೆರೆಯ ತುಂಬ ನಟಿಯ ಮುಖ, ಒಂದೇ ಸಮನೆ ಇಳಿಯುವ ಕಣ್ಣೀರು. ಅವಳ ಬಾಯಿಯಿಂದ ಅನಸವ್ವನ ಒಡೆದ ದನಿ ಬಂತು. ತುಟಿಗೂ ಮಾತಿಗೂ ಒಂದು ಕೂದಲೆಳೆಯ ಅಂತರವಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮತ್ತೊಬ್ಬ ಪಕ್ಕದವನಿಗೆ ಹೇಳುವುದು ಸ್ಪಷ್ಟವಾಗಿ ಕೇಳಿಸಿತು: “ಅನಸವ್ವನಂಗ ಅಳಾಕ ಹೋಗಿ ಕೆಡಸ್ಯಾರ.”

ಸುಪ್ರೀತಾಳಿಗೆ ಪಕ್ಕಕ್ಕೆ ತಿರುಗಿ ನೋಡುವ ಧೈರ್ಯ ಬರಲಿಲ್ಲ.

ರಬಕವಿಯ ಬಸ್ಸಿನಲ್ಲಿ ಅನಸವ್ವ ಕಿಟಕಿಯ ಹತ್ತಿರ ಕೂತಳು. ಎರಡೂ ಕಡೆ ಕಬ್ಬಿನ ಗದ್ದೆ ಸರಿಯುತ್ತಿತ್ತು. ಬಹಳ ಹೊತ್ತಿನ ಮೇಲೆ ಹೊರಗೆ ನೋಡುತ್ತಲೇ ಕೇಳಿದಳು: “ಶಿವ್ಯಾನ ಹೆಸರು ಎಲ್ಲಿ ಹೋತು?”

ಸುಪ್ರೀತಾ ಎಲ್ಲವನ್ನೂ ಹೇಳಿದಳು. ಹೇಗೆ ಕೊಟ್ಟೆ, ಹೇಗೆ ಕತ್ತರಿಸಿದರು, ಹೇಗೆ ಸುಮ್ಮನೆ ನಿಂತೆ. ತಪ್ಪಾಯಿತೆಂದು ಹೇಳುವಾಗ ಕಂಡಕ್ಟರ್ ಬಂದು ಟಿಕೆಟ್ ಕೇಳಿದ. ತೋರಿಸಿ ಮತ್ತೆ ಹೇಳಬೇಕಾಯಿತು.

“ಸಿನಿಮಾ ಕೆಟ್ಟರ ಕೆಡಲಿ,” ಎಂದಳು ಅನಸವ್ವ. “ಆವಾಗ ನಾ ಮುಚ್ಚಿಟಗೊಂಡು ಕರದಿದ್ದೆ, ಮಂದಿ ಅತ್ತರು. ನಿನ್ನ ಮುಂದ ಬಿಚ್ಚಿ ಕರದೆ, ಮಂದಿ ನಕ್ಕರು. ಅದು ಇರಲಿ. ಅಳಸ್ತೇನಿ ಅಂದಿದ್ದಿಯಲ್ಲ, ತಂಗಿ.”

ಇಳಿಯುವಾಗ ಸುಪ್ರೀತಾ ಕೈ ಹಿಡಿಯಲು ಹೋದಳು. ಅನಸವ್ವ ಬಸ್ಸಿನ ಕಂಬಿ ಹಿಡಿದು ತಾನೇ ಇಳಿದಳು.

ಆಮೇಲಿನ ವಾರಗಳಲ್ಲಿ ಊರವರ ಬಾಯಲ್ಲಿ ಅದೇ ಮಾತು. ಬನಹಟ್ಟಿಯ ಚಹಾದಂಗಡಿಯಲ್ಲಿ, ಬೀಳಗಿಯ ಬಸ್ ನಿಲ್ದಾಣದಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ ಹಳೆಯ ಸಿನಿಮಾದ ಅಭಿಮಾನಿಗಳು ಹೊಸದನ್ನು ಜಾಲಾಡಿದರು. ಬಣ್ಣ ಹೆಚ್ಚಾಯಿತು ಎಂದರು, ಹಾಡು ಸಲ್ಲದ್ದು ಎಂದರು. ಎಲ್ಲರೂ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಆ ಕರೆಗೆ. ಡಬ್ಬಿಂಗ್ ಮಾಡಿದ ಹೆಣ್ಣುಮಗಳು ನಕಲು ಮಾಡಲು ಹೋಗಿದ್ದಾಳೆ, ಎದೆಯಿಂದ ಬಂದಿಲ್ಲ ಎಂದರು. ನೋಡಿಬಂದ ಅನಂತಪ್ಪ ಫೋನ್ ಮಾಡಿದ. ಮಗಳಿಗೆ ನೋವಾಗದಿರಲಿ ಎಂದು ಬಹಳ ಮಾತು ಹುಡುಕಿ ಹೇಳಿದ: “ನೀ ಎಲ್ಲಾ ಛಲೋ ಮಾಡೀದಿ, ಯವ್ವಾ. ಅದೊಂದು ಮಾತಿನಾಗ ಮಾತ್ರ ಅನಸವ್ವನ ದನಿ ಬರಲಿಲ್ಲ.”

ಅದು ಅನಸವ್ವನ ದನಿಯೇ ಅಪ್ಪಾ ಎಂಬ ಮಾತು ಸುಪ್ರೀತಾಳ ನಾಲಿಗೆಯ ತುದಿಗೆ ಬಂತು. ಹೇಳಿದ್ದರೆ ತನ್ನ ಮೇಲಿನ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಆದರೆ ಅಂಥ ಸುದ್ದಿ ಮುಧೋಳದಲ್ಲಿ ಶಿವಯೋಗಿಯ ಕಿವಿ ಮುಟ್ಟಲು ಒಂದು ದಿನ ಸಾಕು. ಹೌದಪ್ಪಾ, ನನಗೆ ಬರಲಿಲ್ಲ ಎಂದಳು. ಗಂಡನಿಗೂ ಹಾಗೆಯೇ ಹೇಳಿದಳು. ಜಾಹೀರಾತಿನ ಗಿರಾಕಿಯೊಬ್ಬ ಹಲ್ಲು ಕಿರಿದು ಕೇಳಿದಾಗಲೂ ಹಾಗೆಯೇ ಹೇಳಿದಳು. ಅವಳಿಗೆ ಮಾಡಲು ಉಳಿದಿದ್ದು ಅಷ್ಟೇ.

ಸಿನಿಮಾ ಬೇಗ ಊರು ಬಿಟ್ಟಿತು. ಮೊಬೈಲಿನಲ್ಲಿ ಮಾತ್ರ ಉಳಿದುಕೊಂಡಿದೆ, ಯಾರು ಯಾವಾಗ ಬೇಕಾದರೂ ಒತ್ತಿ ಕೇಳಬಹುದು. ಸುಪ್ರೀತಾ ಈಗಲೂ ರಬಕವಿಗೆ ಹೋಗುತ್ತಾಳೆ. ಅದಾದ ಮೇಲೆ ಮೊದಲ ಸಲ ಹೋದಾಗ ವೈಶಾಲಿ ಬಾಗಿಲು ತೆರೆಯುತ್ತಾಳೋ ಇಲ್ಲವೋ ಎಂದು ಹೊರಗೇ ನಿಂತಿದ್ದಳು. ತೆರೆದಳು. ಅನಸವ್ವ ಚಹಾ ಕೊಡಿಸಿದಳು, ಮೊಣಕಾಲಿನ ಮುಲಾಮಿನ ಬಗ್ಗೆ, ನೂಲಿನ ದರದ ಬಗ್ಗೆ ಮಾತಾಡಿದಳು. ಕಂಪನಿಯ ಕಥೆ ತೆಗೆಯಲಿಲ್ಲ. ಇವಳೂ ಕೇಳಲಿಲ್ಲ.

ಸಿನಿಮಾ ನೋಡಿ ಬಂದ ಆ ಸಂಜೆಯೇ ಸುಪ್ರೀತಾ ರೆಕಾರ್ಡರಿನಲ್ಲಿದ್ದದ್ದನ್ನು ಅಳಿಸಿಹಾಕಿದ್ದಳು. ಅದನ್ನು ಅನಸವ್ವನಿಗೆ ಹೇಳಬೇಕೆಂದು ಪ್ರತಿ ಸಲವೂ ಅಂದುಕೊಂಡು ಹೋಗುತ್ತಾಳೆ. ಹೇಳಿದರೆ ಇನ್ನು ಕ್ಷಮಿಸಿಬಿಡಿರಿ ಎಂದು ಕೇಳಿದ ಹಾಗಾಗುತ್ತದೆ ಎನಿಸಿ, ಚಹಾ ಕುಡಿದು, ಬಟ್ಟಲು ತೊಳೆದಿಟ್ಟು, ಐದರ ಬಸ್ಸಿಗೆ ತಿರುಗಿ ಬರುತ್ತಾಳೆ.