ಮುಖಪುಟದ ಮೂಲೆಯಲ್ಲಿ ಕ್ಲಿಫರ್ಡ್

ಇಂಗ್ಲೆಂಡಿನ ಸ್ಟಾಕ್‌ಪೋರ್ಟ್ ಊರಿನ ಚರ್ಚ್ ಹಾಲಿನಲ್ಲಿ ಭಾನುವಾರ ಹಳೇ ಕಾಮಿಕ್ಸ್ ಸಂತೆ ಅಂದರೆ ಬಾಗಿಲು ತೆರೆಯುವ ಮುಂಚೆಯೇ ಹಾಜರಿರುವ ಆಸಾಮಿ ನಮ್ಮ ಕ್ಲಿಫರ್ಡ್ ಆರ್ಮರಾಡ್. ಆತ ಒಳಗಿನ ಪುಟ ತಿರುವಿದ್ದನ್ನು ಯಾರೂ ಕಂಡಿಲ್ಲ. ಆತನಿಗೆ ಬೇಕಾದದ್ದು ಮುಖಪುಟ ಮಾತ್ರ. ಕೆಂಪು ಚಡ್ಡಿಯ ವೀರ ಒಂದೇ ಕೈಯಲ್ಲಿ ಬಸ್ಸು ಎತ್ತಿರಬೇಕು, ಹಿಂದಿನ ಹಳದಿ ಆಕಾಶ ಕಣ್ಣು ಕುಕ್ಕಬೇಕು. "ಈಗಿನವ್ರಿಗೆ ಹಳದಿ ಬಳಿಯೋಕೇ ಬರಲ್ಲ ಕಣಯ್ಯಾ" ಅಂತ ನನ್ನಂಥವರಿಗೆ ಉಪದೇಶ ಬೇರೆ. ಮುಖಪುಟದ ಹತ್ತಿರ ಯಾರಾದರೂ ಸೀನಿದರೆ ತನ್ನ ಮುಖಕ್ಕೇ ಉಗುಳಿದ ಹಾಗೆ ಕೆರಳುತ್ತಾನೆ. ಹಿಂದೆ ಪೇಪರ್ ಅಂಗಡಿಯವರು ಮನೆಮನೆಗೆ ಹಂಚಲು ಮುಖಪುಟದ ಮೂಲೆಯಲ್ಲಿ ಪೆನ್ಸಿಲಿನಿಂದ ಮನೆ ನಂಬರ್ ಗೀಚುತ್ತಿದ್ದರಲ್ಲ, ಅಂಥ ಪ್ರತಿ ಸಿಕ್ಕರಂತೂ ಎಲ್ಲರೆದುರು ಎತ್ತಿ ಹಿಡಿದು, "ಥೂ, ಹೀರೋ ಹಣೆ ಮೇಲೇ ಗೀಚವ್ರೆ! ಕಸ, ಬರೀ ಕಸ!" ಅಂತ ಕೂಗುತ್ತಾನೆ. ಆಮೇಲೆ ಅದನ್ನೇ ಅಗ್ಗಕ್ಕೆ ಕೊಳ್ಳುತ್ತಾನೆ. ಜಿಪುಣ ಅಂತ ನಾವೆಲ್ಲ ನಗುತ್ತಿದ್ದೆವು. ಮೊನ್ನೆ ಅಂಥದ್ದೊಂದನ್ನು ಮಾರುತ್ತಿದ್ದ ಜಾಯ್ಸ್ ರಬ್ಬರ್ ತೆಗೆದು, "ತಡಿಯೋ ಕ್ಲಿಫ್, ಉಜ್ಜಿ ಕೊಡ್ತೀನಿ, ನಿನ್ನ ಗೋಳು ತಪ್ಪಲಿ" ಅಂದಳು. ಕ್ಲಿಫರ್ಡ್ ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡ. "ಬೇಡ ಕಣೇ. ಈ ನಂಬರಿನ ಏಳಕ್ಕೆ ನಡುವೆ ಅಡ್ಡಗೀಟು ಐತೆ ನೋಡು. ನಮ್ಮ ಬೀದೀಲಿ ಹಂಗೆ ಬರೀತಿದ್ದಿದ್ದು ನಮ್ಮಪ್ಪ ಒಬ್ನೇ. ಅವನ ಪೇಪರ್ ಅಂಗಡಿ ಮುಚ್ಚಿಹೋದ್ಮೇಲೆ ಆ ಕೈಬರಹ ನಂಗೆ ಬೇರೆಲ್ಲೂ ಸಿಕ್ಕಿಲ್ಲ." ಅಷ್ಟು ಹೇಳಿ ಅದನ್ನು ಕೋಟಿನೊಳಗೆ ಇಟ್ಟುಕೊಂಡು, ಕಣ್ಣೊರೆಸಿ, ಪಕ್ಕದ ಮೇಜಿಗೆ ಹೋಗಿ ಇನ್ನೊಂದನ್ನು ಎತ್ತಿ ಹಿಡಿದ: "ಥೂ, ಕಸ!"